ಕೊಲಿಜಿಯಂ ತೆಗೆದು ಆಯೋಗ ತಂದರೆ ಸುಪ್ರೀಂ ಕೋರ್ಟ್ ಸರ್ಕಾರದ ಕೈಗೆ ಹೋಗುತ್ತಾ?

ಪ್ರಶ್ನೆ:
ಕೊಲಿಜಿಯಂ ಅಂದರೆ ಹಿರಿಯ ಜಡ್ಜ್‌ಗಳ ಗುಂಪು, ಹೀಗೆ ಜಡ್ಜ್‌ಗಳನ್ನು ಜಡ್ಜ್‌ಗಳೇ ಆರಿಸುವುದು ನನಗೆ ಸರಿ ಕಾಣುವುದಿಲ್ಲ. 2014ರಲ್ಲಿ ನೇಮಕಾತಿ ಆಯೋಗದ ಮಸೂದೆ ಬಂದಾಗ ಲೋಕಸಭೆಯಲ್ಲಿ ವಿರುದ್ಧ ಒಂದು ಓಟೂ ಬೀಳಲಿಲ್ಲ, ಬಿಜೆಪಿ ಕಾಂಗ್ರೆಸ್ ಎರಡೂ ಒಪ್ಪಿದ್ದವು. ಆದರೂ 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 4-1ರಲ್ಲಿ ರದ್ದು ಮಾಡಿತು. ಆಯೋಗದಲ್ಲಿ ಅಂಥ ತಪ್ಪೇನಿತ್ತು?

ಉತ್ತರ 1:
ತಪ್ಪು ಇದ್ದದ್ದು ಲೆಕ್ಕದಲ್ಲಿ. ಒಟ್ಟು ಆರು ಜನ: ಮುಖ್ಯ ನ್ಯಾಯಮೂರ್ತಿ, ಇಬ್ಬರು ಹಿರಿಯ ಜಡ್ಜ್‌ಗಳು, ಕಾನೂನು ಮಂತ್ರಿ, ಇಬ್ಬರು ಗಣ್ಯರು. ಯಾರಾದರೂ ಇಬ್ಬರು ಬೇಡ ಅಂದರೆ ಆ ಹೆಸರು ಅಲ್ಲಿಗೇ ಮುಗೀತು. ಅಂದರೆ ಮೂವರು ಜಡ್ಜ್‌ಗಳೂ ಒಪ್ಪಿದ ಹೆಸರನ್ನು ಮಂತ್ರಿ ಮತ್ತು ಒಬ್ಬ ಗಣ್ಯರು ಸೇರಿ ತಡೆಯಬಹುದಿತ್ತು. ಆ ಗಣ್ಯರಿಗೆ ಕಾನೂನು ಗೊತ್ತಿರಬೇಕು ಅಂತಲೂ ಇರಲಿಲ್ಲ. ಸರ್ಕಾರದ ಮೇಲಿನ ಕೇಸುಗಳೂ ನಡೆಯುವ ಕೋರ್ಟಿಗೆ ಇದು ಸಣ್ಣ ವಿಷಯವಾ?

ಉತ್ತರ 2:
ನಮ್ಮ ಕರಾವಳಿಯವರಿಗೆ ಇದು ಹಳೇ ಗಾಯ. 1973ರ ಏಪ್ರಿಲ್ 24ಕ್ಕೆ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪು ಬಂತು. ಕೇಸು ಹಾಕಿದ್ದವರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ತೀರ್ಪಿನ ಬೆನ್ನಲ್ಲೇ ಇಂದಿರಾ ಗಾಂಧಿ ಸರ್ಕಾರ ತನ್ನ ವಿರುದ್ಧ ತೀರ್ಪು ಕೊಟ್ಟ ಹಿರಿಯ ಜಡ್ಜ್‌ಗಳಾದ ಶೆಲಾತ್, ಕೆ.ಎಸ್. ಹೆಗ್ಡೆ, ಗ್ರೋವರ್ ಮೂವರನ್ನೂ ಬಿಟ್ಟು, ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ತುರ್ತುಪರಿಸ್ಥಿತಿಯಲ್ಲಿ ಜನರ ಹಕ್ಕಿನ ಪರ ಒಬ್ಬರೇ ನಿಂತ ಜಡ್ಜ್ ಎಚ್.ಆರ್. ಖನ್ನಾ ಅವರಿಗೂ 1977ರಲ್ಲಿ ಇದೇ ಗತಿ. 1993ರ ತೀರ್ಪಿನಿಂದ ಕೊಲಿಜಿಯಂ ಬಂದದ್ದರ ಹಿಂದೆ ಈ ಅನುಭವ ಇದೆ.

ಉತ್ತರ 3:
ಇತಿಹಾಸ ಒಪ್ಪುತ್ತೇನೆ. ಹಾಗಂತ ಕೊಲಿಜಿಯಂ ಹೀಗೇ ಇರಲಿ ಅನ್ನಬೇಡಿ. ಆಯೋಗದ ಪರ ತೀರ್ಪು ಬರೆದ ಚೆಲಮೇಶ್ವರ್ ಅಷ್ಟೇ ಅಲ್ಲ, ರದ್ದು ಮಾಡಿದ ಕುರಿಯನ್ ಜೋಸೆಫ್ ಕೂಡ ಇಲ್ಲಿ ಪಾರದರ್ಶಕತೆ ಇಲ್ಲ ಅಂತ ಬರೆದಿದ್ದಾರೆ. ಜಡ್ಜ್ ಹುದ್ದೆಗೆ ಒಬ್ಬ ಒಳ್ಳೆ ವಕೀಲರ ಹೆಸರನ್ನು ಯಾಕೆ ಕೈಬಿಟ್ಟರು ಅಂತ ಅವರಿಗೇ ಗೊತ್ತಾಗುವುದಿಲ್ಲ ಅಂದರೆ ಅದೆಂಥ ನ್ಯಾಯ? ಇನ್ನೊಂದು ಕಡೆ ಕೊಲಿಜಿಯಂ ಎರಡನೇ ಸಲ ಕಳಿಸಿದ ಹೆಸರುಗಳ ಮೇಲೂ ಸರ್ಕಾರ ಸುಮ್ನೆ ಕೂರುತ್ತೆ.

ಉತ್ತರ 1:
@ಉತ್ತರ 3, ಹೌದು. ನಿವೃತ್ತಿ ನಂತರದ ಹುದ್ದೆಗಳನ್ನೂ ಸೇರಿಸಿ. ಮಾಜಿ ಮುಖ್ಯ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಕಾಂಗ್ರೆಸ್‌ನಿಂದ ರಾಜ್ಯಸಭೆಗೆ ಹೋದರು. ಮುಖ್ಯ ನ್ಯಾಯಮೂರ್ತಿಯಾಗಿದ್ದ ರಂಜನ್ ಗೊಗೊಯಿ 2019ರ ನವೆಂಬರ್‌ನಲ್ಲಿ ನಿವೃತ್ತರಾಗಿ 2020ರ ಮಾರ್ಚ್‌ನಲ್ಲೇ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಯಾವ ಪಕ್ಷವೇ ಇರಲಿ, ಕೆಲವು ವರ್ಷ ಯಾವ ಹುದ್ದೆಯೂ ಇಲ್ಲ ಅನ್ನುವ ಕಾನೂನು ಮೊದಲು ಬರಲಿ. ಅದಕ್ಕೆ ಆಯೋಗವೇ ಬೇಕಾಗಿಲ್ಲ, ಸಂಸತ್ತು ನಾಳೆಯೇ ಮಾಡಬಹುದು.