ಕಣ್ಣು ಮುಚ್ಚಿದರೆ ಬರುವ ದೇವರ ಮುಖ: ನಿಮ್ಮ ಅನುಭವ ಹೇಳಿ

ತೀರ್ಥಹಳ್ಳಿ ಅಮ್ಮ: ಒಂಬತ್ತು ವರ್ಷದ ಮಗಳು ರಾತ್ರಿ ತೇರ್ಸಿಗೆ (ಜಪಮಾಲೆ ಪ್ರಾರ್ಥನೆಗೆ) ಕೂರಲ್ಲ ಅಂತಾಳೆ. ದೇವರು ಮೇಲೆ ಕೂತು ತಪ್ಪೆಲ್ಲ ಬರ್ಕೊಳ್ತಾನೆ ಅಂತ ಹೆದರಿಕೆ. ನನಗೂ "ನಮ್ಮ ತಂದೆಯೇ" ಅಂದ ತಕ್ಷಣ ಎದುರಿಗೆ ಬರೋದು ಬೆಲ್ಟ್ ಹಿಡಿದ ನಮ್ಮಪ್ಪನೇ. ಈ ಮುಖ ಬದಲಾದವರು ಇದ್ದೀರಾ? ಮಗುವಿಗೆ ಎಂತ ಹೇಳಲಿ?

ಭದ್ರಾವತಿಯವ: ನಾನು ಪಟಾನೇ ತೆಗೆದೆ. 2009. ಸೇಕ್ರೆಡ್ ಹಾರ್ಟಿನ, ಅಂದ್ರೆ ಎದೆ ಮೇಲೆ ಹೃದಯ ಕಾಣೋ ಯೇಸುವಿನ ದೊಡ್ಡ ಪಟ, ಅಜ್ಜ ಕಾರ್ಖಾನೆಗೆ ಸೇರಿದಾಗ ತಂದಿದ್ದು. ಬೈಬಲಿನ ವಿಮೋಚನಕಾಂಡ 20:4, ವಿಗ್ರಹ ಮಾಡ್ಕೋಬೇಡ ಅನ್ನೋದು, ಓದಿದ ಮೇಲೆ ನಿದ್ದೆ ಹತ್ತಲಿಲ್ಲ, ಬೇರೆ ಚರ್ಚಿಗೆ ಸೇರಿದೆ. ಅಮ್ಮ ಆರು ವರ್ಷ ಮಾತು ಬಿಟ್ಟಳು. ತಂಗಿ ಮದುವೆಗೆ ಕರೀಲಿಲ್ಲ. ಗೋಡೆ ಮೇಲೆ ಬೆಳ್ಳನೆ ಚೌಕ ಉಳೀತು, ಸುತ್ತ ಮೇಣದಬತ್ತಿ ಹೊಗೆ. ಸುಣ್ಣ ಎರಡು ಕೋಟು, ಆಮೇಲೆ ಡಿಸ್ಟೆಂಪರ್, ಒಟ್ಟು 3,800 ರೂಪಾಯಿ. ಮಳೆಗಾಲ ಬಂದ್ರೆ ಚೌಕ ಮತ್ತೆ ಕಾಣತ್ತೆ. ಪ್ರಾರ್ಥನೆಗೆ ಇವತ್ತಿಗೂ ಅದರ ಕಡೆಗೇ ತಿರುಗಿ ಕೂರ್ತೀನಿ. ಆದ್ರೂ ತೆಗೆದಿದ್ದೇ ಸರಿ.

ಹೊಸನಗರ ತೋಟ: ಅಜ್ಜ ತಂದ ಪಟ ಕಿತ್ತು ಹೆಮ್ಮೆ ಬೇರೆ! ಇನ್ನೈದು ಅಧ್ಯಾಯ ಓದಿದ್ರೆ 25:18ರಲ್ಲಿ ಬಂಗಾರದ ಕೆರೂಬಿಗಳನ್ನ (ರೆಕ್ಕೆಯ ದೇವದೂತರನ್ನ) ಮಾಡು ಅಂತ ದೇವರೇ ಹೇಳಿದ್ದು ಸಿಗ್ತಿತ್ತು. 787ರಲ್ಲೇ ನಿಕೇಯದ ಚರ್ಚ್ ಮಹಾಸಭೇಲಿ ಇತ್ಯರ್ಥ ಆಗಿದೆ ಮಾರಾಯ್ರೆ, ಗೌರವ ಪಟಕ್ಕಲ್ಲ, ಪಟದಲ್ಲಿರೋನಿಗೆ.

ನನ್ನ ದೇವರೂ ಮೊದಲು ಸಾಲ ಕೊಟ್ಟ ಸಾಹುಕಾರನ ಥರಾನೇ. ಒಂದು ವರ್ಷ ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯೋದು ತಡ ಆಯ್ತು. ಕೊಳೆರೋಗ ಬಂತು, ಅರ್ಧ ಅಡಿಕೆ ನೆಲಕ್ಕೆ. ಯಾವ ಪಾಪಕ್ಕೆ ಅಂತ ಕೂತು ಪಟ್ಟಿ ಮಾಡಿದೆ, ಎರಡು ಹಾಳೆ. ಪಾಪನಿವೇದನೇಲಿ ಪೂರ್ತಿ ಕೇಳಿ ಫಾದರ್ ಅಂದಿದ್ದು ಇಷ್ಟೇ: "ಔಷಧಿ ಹೊಡೆಯೋಕೆ ಮಳೆ ಬಿಡುವು ಕೊಟ್ಟಿತ್ತಾ?" ಮನೆಗೆ ಬಂದು ಪಟ ನೋಡಿದೆ. ಬೆರಳು ತನ್ನ ಎದೆ ತೋರಿಸ್ತಿದೆ, ನನ್ನ ಕಡೆ ಅಲ್ಲ. ನಲವತ್ತು ವರ್ಷ ಗಮನಿಸಿರಲಿಲ್ಲ.

ಭದ್ರಾವತಿಯವ: ಆ ಬೆಳ್ಳನೆ ಮುಖ ಯಾರದ್ದು? ನಜರೇತಿನ ಬಡಗಿ ಹಾಗಿದ್ನಾ? ಮನೆಮನೆಯಲ್ಲಿರೋ ಇನ್ನೊಂದು ಪಟ, ಕಂದು ಕೂದಲಿಂದು, ಅಮೆರಿಕದ ವಾರ್ನರ್ ಸಾಲ್ಮನ್ 1940ರಲ್ಲಿ ಬರೆದಿದ್ದು. ಅದಕ್ಕೆ ಹೂವಿನ ಹಾರ!

ಸಾಗರದ ಟೀಚರ್ (ನಿವೃತ್ತ): ನಮ್ಮ ಸಿಎಸ್‌ಐ (ಪ್ರೊಟೆಸ್ಟೆಂಟ್ ಚರ್ಚಿನ) ಮನೇಲಿ ಪಟವೇ ಇರಲಿಲ್ಲ, ಹೆದರಿಕೆಗೇನೂ ಬರ ಇರಲಿಲ್ಲ. ಎರಡು ಸಲ ಗರ್ಭ ಹೋದಾಗ "ತಂದೆ" ಅನ್ನೋ ಮಾತೇ ಬಾಯಿಗೆ ಬರದಾಯ್ತು. ಆಪ್ತಸಮಾಲೋಚನೆಗೆ ಬೆಂಗಳೂರಿಗೆ ಹದಿನಾಲ್ಕು ಸಲ, ರಾತ್ರಿ ರೈಲು, ಸಲಕ್ಕೆ 600 ಫೀಸು, ಮನೇಲಿ ಅದಕ್ಕೂ ಜಗಳ. ಕೈ ಹಿಡಿದಿದ್ದು ಬೈಬಲಲ್ಲಿ ದೇವರನ್ನ ಹೋಲಿಸಿದ ಎರಡು ಮಾತು: ಯೆಶಾಯ 66:13ರ ಸಂತೈಸೋ ತಾಯಿ, ಮತ್ತಾಯ 23:37ರ ಮರಿಗಳನ್ನ ರೆಕ್ಕೆ ಕೆಳಗೆ ಸೇರಿಸ್ಕೊಳ್ಳೋ ಕೋಳಿ. ಮೆತ್ತಗಿನ ದೇವರು ಅಂದ್ಕೋಬೇಡಿ. ಮರಿ ಮಾಡಿದ ಹೇಂಟೆ ರೆಕ್ಕೆ ಕೆಳಗೆ ಕೈ ಹಾಕಿ ನೋಡಿ. ನನ್ನ ಹೆಬ್ಬೆರಳಲ್ಲಿ ಕಲೆ ಇನ್ನೂ ಇದೆ.

ಹೊಸನಗರ ತೋಟ: ಹೋಲಿಕೆ ಸರಿ ಟೀಚರ್, ಹಾಗಂತ "ಪರಲೋಕದ ತಾಯಿಯೇ" ಅನ್ನೋಕಾಗತ್ತಾ?

ಸಾಗರದ ಟೀಚರ್ (ನಿವೃತ್ತ): ನಾನು ಹಾಗಂದೆನಾ? ಪೂರ್ತಿ ಓದಿ ಮಾತಾಡಿ.

ತೀರ್ಥಹಳ್ಳಿ ಅಮ್ಮ: ಮಗಳ ವಿಷಯ ಯಾರೂ ಎತ್ತಲಿಲ್ಲ. ಇರಲಿ, ನಿನ್ನೆ ಅವಳಿಗೆ ಪಟದ ಬೆರಳು ಎಲ್ಲಿ ತೋರಿಸ್ತಿದೆ ನೋಡು ಅಂದೆ. ಸ್ಟೂಲ್ ಹತ್ತಿ, ಗಾಜಿಗೆ ಮೂಗು ತಾಗಿಸಿ ನೋಡಿದಳು. "ಅಮ್ಮ, ಒಳಗೆ ಗೆದ್ದಲು ಬಂದಿದೆ" ಅಂದಳು.

ಹೊಸನಗರ ತೋಟ: ಹಿಂದೆ ಪ್ಲೈವುಡ್ ಹಾಕಿಸಿರ್ತೀರಿ. ನನ್ನದು ಮೂರು ಸಲ ಹೋಯ್ತು. ಸಾಗುವಾನಿ ಹಾಕಿಸಿ, ಗೋಡೆಗೆ ಒರಗಿಸ್ಬೇಡಿ.

ಭದ್ರಾವತಿಯವ: ಗೆದ್ದಲಿಗೆ ಅರ್ಥ ಆಗಿದ್ದು ನಿಮಗೆ ಆಗ್ತಿಲ್ವಲ್ಲ.