ನಾಲ್ಕು ತಂತಿಯಿಂದ ಐದಕ್ಕೆ: ಬೇಸ್ ಗಿಟಾರ್ ಪ್ರಶ್ನೋತ್ತರ

ಅಡ್ಮಿನ್: ನಮಸ್ಕಾರ. ಇವತ್ತು ಈ ಗುಂಪಿನಲ್ಲಿ ಐದು ತಂತಿಯ ಬೇಸ್ ಬಗ್ಗೆ ಏನಿದ್ದರೂ ಕೇಳಿ. ಉತ್ತರ ಕೊಡುವವರು ಕಲಬುರಗಿಯ ನಮ್ಮ ಮಾಸ್ತರ್. ಆರ್ಕೆಸ್ಟ್ರಾದಲ್ಲಿ ಬೇಸ್ ಬಾರಿಸುತ್ತಾರೆ, ಕಲಿಸುತ್ತಾರೆ, ರಿಪೇರಿಯನ್ನೂ ಮಾಡುತ್ತಾರೆ. ಕೇಳಿದ್ದನ್ನೇ ಕೇಳಬೇಡಿ. ಫಾರ್ವರ್ಡ್ ಹಾಕಬೇಡಿ.

ಸೇಡಂ ರೋಡ್: ಸರ್, ಮದುವೆ ಆರ್ಕೆಸ್ಟ್ರಾದಲ್ಲಿ ನಾಲ್ಕು ತಂತಿ ಬಾರಿಸಿಕೊಂಡು ಬಂದವನು ನಾನು. ಈಗ ಹೈದರಾಬಾದ್‌ನಿಂದ ಐದು ತಂತಿಯದು ತಂದಿದ್ದೇನೆ. ಇ ತಂತಿ ಅಂದುಕೊಂಡು ಬಿ ತಂತಿ ಹೊಡೆಯುತ್ತೇನೆ. ಸ್ಟೇಜ್ ಮೇಲೆ ಮರ್ಯಾದೆ ಹೋಗ್ತಿದೆ. ಏನು ಮಾಡಲಿ?

ಮಾಸ್ತರ್: ಗಾಬರಿ ಬೇಡ, ಎಲ್ಲರಿಗೂ ಆಗುತ್ತದೆ. ಇ, ಎ, ಡಿ, ಜಿ ಹಾಗೇ ಇವೆ, ಇ ಪಕ್ಕಕ್ಕೆ ಬಿ ಬಂದಿದೆ ಅಷ್ಟೇ. ಅಂಚಿನ ತಂತಿ ಅಂದರೆ ಇ ಅಂತ ನಿಮ್ಮ ಕೈಗೆ ರೂಢಿಯಾಗಿದೆ. ಅದಕ್ಕೇ ಮೊದಲು ಬಿ ಬಾರಿಸೋಕೆ ಹೋಗಬೇಡಿ, ಅದನ್ನು ಸುಮ್ಮನಿರಿಸೋದು ಕಲಿಯಿರಿ. ನೀವು ಮುಟ್ಟದಿದ್ದರೂ ಬೇರೆ ತಂತಿಯ ಅದುರಿಗೆ, ಸ್ಪೀಕರ್ ಸದ್ದಿಗೆ ಅದು ತಾನೇ ಗುಂಯ್ ಅನ್ನುತ್ತದೆ. ಬಿ ಬಾರಿಸುವಾಗ ಬಲಗೈ ಹೆಬ್ಬೆರಳು ಪಿಕಪ್ (ತಂತಿ ಕೆಳಗೆ ಅದುರನ್ನು ಹಿಡಿಯುವ ಪಟ್ಟಿ) ಮೇಲಿರಲಿ. ಇ ಬಾರಿಸುವಾಗ ಬಿ ಮೇಲೆ ಕೂಡಲಿ. ಎ ತಂತಿಗೆ ಹೋದರೆ ಬಿ, ಇ ಎರಡನ್ನೂ ಅದೇ ಹೆಬ್ಬೆರಳು ಒತ್ತಿಕೊಂಡಿರಬೇಕು. ಬೆರಳು ಕೆಳಗಿಳಿದಂತೆ ಹೆಬ್ಬೆರಳೂ ಜೊತೆಗೆ ಇಳಿಯಬೇಕು, ಪಿಕಪ್ ಮೇಲೆ ಮೊಳೆ ಹೊಡೆದ ಹಾಗೆ ಇರಬಾರದು. ಹಳೇ ಹಾಡುಗಳನ್ನೇ ಬಿ ಮುಟ್ಟದೆ ಬಾರಿಸಿ. ಅದು ಸಲೀಸಾದ ಮೇಲೆ ಬಿ ತಂತಿಯ ಐದನೇ ಫ್ರೆಟ್ (ನೆಕ್, ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಹಿಡಿಯಿರಿ, ಅದೇ ನಿಮ್ಮ ಖಾಲಿ ಇ, ಅಂದರೆ ಎಲ್ಲೂ ಒತ್ತದೆ ಮೀಟಿದ ಇ. ಆರು ಎಫ್, ಎಂಟು ಜಿ. ಮೊದಲನೇ ಫ್ರೆಟ್ಟಿಗೆ ಓಡದೆ ಒಂದೇ ಜಾಗದಲ್ಲಿ ಕೈ ಇಟ್ಟು ಇಡೀ ಹಾಡು ಮುಗಿಸಬಹುದು. ಐದನೇ ತಂತಿಯ ಅರ್ಧ ಲಾಭ ಇದೇ. ಸುಮ್ನೆ ಕೆಳಗಿನ ಸ್ವರಕ್ಕೆ ಅಂತ ಮಾತ್ರ ತಗೊಂಡವರು ಬೇಗ ಬೇಸರಪಟ್ಟುಕೊಳ್ಳುತ್ತಾರೆ.

ಎಡಗೈಯವ: ಸರ್, ಎಡಗೈಯವರಿಗೆ ಐದು ತಂತಿ ಸಿಗುತ್ತದಾ?

ಶಹಾಪುರ ಭಜನಾ: ಮಾಸ್ತರ್, ನಾವು ತತ್ವಪದ ಹಾಡುವವರು. ಹಾರ್ಮೋನಿಯಂ, ತಬಲಾ, ತಾಳದ ಜೊತೆ ಹುಡುಗನೊಬ್ಬ ಬೇಸ್ ಬಾರಿಸುತ್ತಾನೆ. ನಮ್ಮ ಹಾಡುಗಾರರ ಶ್ರುತಿ ಕಪ್ಪು ಒಂದು. ಐದು ತಂತಿ ಬೇಕೇ ಬೇಕಾ?

ಮಾಸ್ತರ್: ಒಳ್ಳೆ ಪ್ರಶ್ನೆ. ಕಪ್ಪು ಒಂದು ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸಿ ಶಾರ್ಪ್. ನಾಲ್ಕು ತಂತಿಯಲ್ಲಿ ಅತಿ ಕೆಳಗಿನ ಷಡ್ಜ ಎ ತಂತಿಯ ನಾಲ್ಕನೇ ಫ್ರೆಟ್ಟಿನಲ್ಲಿ ಸಿಗುತ್ತದೆ, ಅದರ ಕೆಳಗಿನದು ಇಲ್ಲವೇ ಇಲ್ಲ, ಯಾಕೆಂದರೆ ಇ ದಾಟಿ ಕೆಳಗೆ ತಂತಿ ಇಲ್ಲ. ಐದರಲ್ಲಿ ಅದು ಬಿ ತಂತಿಯ ಎರಡನೇ ಫ್ರೆಟ್. ಶ್ರುತಿ ಬಿಳಿ ಒಂದು ಆದರೆ ಮೊದಲನೇ ಫ್ರೆಟ್, ಬಿಳಿ ಎರಡು ಆದರೆ ಮೂರನೇದು, ಕಪ್ಪು ಎರಡು ಆದರೆ ನಾಲ್ಕನೇದು. ಗಂಡಸರು ಹಾಡುವ ಶ್ರುತಿ ಜಾಸ್ತಿ ಈ ನಾಲ್ಕರೊಳಗೇ ಬರುತ್ತದೆ, ಹಾಗಾಗಿ ಭಜನೆ, ತತ್ವಪದಕ್ಕೆ ಈ ತಂತಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಹುಡುಗನಿಗೆ ಹೇಳಿ, ಪದದ ಉದ್ದಕ್ಕೂ ಅಲ್ಲೇ ಕೂರಬಾರದು. ತಬಲಾದ ಡಗ್ಗಾ ಅದೇ ಎತ್ತರದಲ್ಲಿ ಮಾತಾಡುತ್ತಿರುತ್ತದೆ, ಎರಡೂ ಸೇರಿದರೆ ಹಾಡಿನ ಮಾತು ಕೇಳಿಸುವುದಿಲ್ಲ. ತತ್ವಪದದಲ್ಲಿ ಮಾತೇ ಮುಖ್ಯ ಅಲ್ವಾ? ಪಲ್ಲವಿಗೆ ವಾಪಸ್ ಬರುವಾಗ ಒಮ್ಮೆ ಇಳಿದು ಮೇಲೆ ಬರಲಿ.

ಕೀಬೋರ್ಡ್ ಬೀದರ್: ಇದೆಲ್ಲ ನನ್ನ ಎಡಗೈಯಲ್ಲೇ ಬರುತ್ತದೆ. ಐದನೇ ತಂತಿ ಈಗಿನ ಫ್ಯಾಷನ್.

ಸೌಂಡ್ ಸಿಸ್ಟಂ ಯಾದಗಿರಿ: ನಿಮ್ಮ ಎಡಗೈನಿಂದಲೇ ನಮಗೆ ತಲೆನೋವು. ಬೇಸ್ ಇದ್ದರೂ ಕೆಳಗೆ ಒತ್ತುತ್ತೀರಿ, ಎರಡೂ ಸೇರಿ ಬರೀ ಗುಡುಗುಡು.

ಮಾಸ್ತರ್: ಫ್ಯಾಷನ್ ಅಲ್ಲ. ಗಿಟಾರ್ ಕಂಪನಿ ಫೆಂಡರ್ 1965ರಲ್ಲೇ ಐದು ತಂತಿಯ ಬೇಸ್ ತಂದಿತ್ತು, ಅದರಲ್ಲಿ ಜಿಗಿಂತ ಮೇಲಿನ ಸ್ವರದ ಸಿ ತಂತಿ ಇತ್ತು. ಕೆಳಗೆ ಬಿ ಇರುವುದನ್ನು ಬೇಸ್ ವಾದಕ ಜಿಮ್ಮಿ ಜಾನ್ಸನ್ 1976ರಲ್ಲಿ ಅಲೆಂಬಿಕ್ ಕಂಪನಿ ಹತ್ತಿರ ಮಾಡಿಸಿಕೊಂಡ. ಬೇಸ್ ಇರುವಾಗ ಕೀಬೋರ್ಡಿನವರು ಎಡಗೈ ಮೇಲೆತ್ತಬೇಕು, ಅಷ್ಟೇ.

ಆಳಂದ ನಾಕಾ: ಬಿ ಬರೀ ಗೊರಗೊರ ಅನ್ನುತ್ತದೆ ಸರ್. ಎಂಟು ಇಂಚಿನ ಸ್ಪೀಕರ್ ಇರುವ ಪ್ರಾಕ್ಟೀಸ್ ಆಂಪ್ ಇದೆ. ಬೇಸ್ ನಾಬ್ ಫುಲ್ ಇಟ್ಟಿದ್ದೇನೆ.

ಮಾಸ್ತರ್: ಈಗಲೇ ಇಳಿಸಿ. ಖಾಲಿ ಬಿ ಸುಮಾರು 31 ಹರ್ಟ್ಸ್, ಇ 41. ಎಂಟು ಇಂಚಿನ ಸ್ಪೀಕರ್ 31 ಅನ್ನು ಸರಿಯಾಗಿ ಕೊಡುವುದೇ ಇಲ್ಲ, ನಿಮಗೆ ಕೇಳಿಸುತ್ತಿರುವುದು ಅದರ ಎರಡರಷ್ಟು, ಮೂರರಷ್ಟು ಇರುವ ಮೇಲಿನ ಸ್ವರಗಳು. ನಾಬ್ ತಿರುಗಿಸಿದಷ್ಟೂ ಸ್ಪೀಕರಿನ ಕೋನ್ ಸುಮ್ನೆ ಹಿಂದೆ ಮುಂದೆ ಹೊಡೆದುಕೊಂಡು ಹರಿಯುತ್ತದೆ. ಮಿಡ್ ನಾಬ್ ಏರಿಸಿ, ಬ್ರಿಜ್ (ತಂತಿಯ ಬುಡ ಕೂರುವ ಜಾಗ) ಕಡೆ ಸರಿದು ಮೆತ್ತಗೆ ಮೀಟಿ. ಬಿ ದಪ್ಪ, ಜೋರಾಗಿ ಹೊಡೆದರೆ ಫ್ರೆಟ್ಟಿಗೆ ಬಡಿಯುತ್ತದೆ.

ಹುಮನಾಬಾದ್: ನನ್ನ ನಾಲ್ಕು ತಂತಿಗೇ ಬಿ ಹಾಕಬಹುದಾ?

ಮಾಸ್ತರ್: ಹಾಕಬಹುದು. ಬಿ, ಇ, ಎ, ಡಿ ಅಂತ ಕಟ್ಟಬೇಕು, ಜಿ ಹೋಗುತ್ತದೆ. ಬಿ ತಂತಿ .125 ಅಥವಾ .130 ಇಂಚು ದಪ್ಪ ಇರುತ್ತದೆ, ಈಗಿರುವ ಇ .105 ಆಸುಪಾಸು. ನಟ್‌ನ (ತಲೆ ಕಡೆ ತಂತಿ ಕೂರುವ ಪಟ್ಟಿ) ಕಚ್ಚು ಅಗಲ ಮಾಡಬೇಕು, ಬ್ರಿಜ್‌ನ ಸ್ಯಾಡಲ್ (ತಂತಿ ಹೊರುವ ತುಂಡು) ಹಿಂದೆ ಎಳೆದು ಶ್ರುತಿ ನೋಡಬೇಕು. ಮನೆಯಲ್ಲಿ ಕಬ್ಬಿಣದ ಅರ ಹಾಕಬೇಡಿ.

ಜೇವರ್ಗಿ ಕ್ರಾಸ್: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ: ಹಳೇ ಸ್ಟ್ರಿಂಗ್ ವಿನೆಗರ್‌ನಲ್ಲಿ ಕುದಿಸಿ, ಫ್ರೆಟ್‌ಬೋರ್ಡಿಗೆ ಕೊಬ್ಬರಿ ಎಣ್ಣೆ ಹಚ್ಚಿ, ದಿನಾ ಬಾರಿಸಿದ ಮೇಲೆ ತಂತಿ ಪೂರ್ತಿ ಸಡಿಲ ಮಾಡಿ.

ಮಾಸ್ತರ್: ಮೂರೂ ಬೇಡ. ವಿನೆಗರ್ ಹುಳಿ, ತಂತಿಯ ಲೋಹವನ್ನೇ ತಿನ್ನುತ್ತದೆ. ಕೊಬ್ಬರಿ ಎಣ್ಣೆ ಕಮಟಾಗಿ ಜಿಡ್ಡು ಕಟ್ಟುತ್ತದೆ. ದಿನಾ ಸಡಿಲ ಮಾಡಿದರೆ ನೆಕ್ ದಿನಾ ಬಾಗಿ ದಿನಾ ಸೆಟೆಯುತ್ತದೆ. ಬಾರಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ.

ಮಂಗಲಪೇಟೆ: ಸರ್, ತಮ್ಮನ ಬಗ್ಗೆ ಕೇಳಬೇಕು. ಹದಿನಾರು ವರ್ಷ. ಚರ್ಚ್‌ನಲ್ಲಿ ಬಾರಿಸುತ್ತಾನೆ. ಐದು ತಂತಿ ಬಂದಾಗಿನಿಂದ ಈಸ್ಟರ್‌ಗೆ ಅಂತ ದಿನಕ್ಕೆ ಐದಾರು ತಾಸು ಪ್ರಾಕ್ಟೀಸ್. ಈಗ ಎಡಗೈಯ ಕಿರುಬೆರಳು, ಉಂಗುರ ಬೆರಳು ಜೋಮು. ಬೆಳಿಗ್ಗೆ ಎದ್ದಾಗಲೂ ಇರುತ್ತದೆ. ನಿನ್ನೆ ಲೋಟ ಕೈಯಿಂದ ಜಾರಿತು.

ಜೇವರ್ಗಿ ಕ್ರಾಸ್: ಸಾಸಿವೆ ಎಣ್ಣೆ ಬಿಸಿ ಮಾಡಿ ತಿಕ್ಕಿ ಬಿಗಿಯಾಗಿ ಪಟ್ಟಿ ಕಟ್ಟಿ. ನೋವಿದ್ದರೂ ಬಾರಿಸುತ್ತಾ ಇದ್ದರೆ ನರ ಪಳಗುತ್ತದೆ. ಇದೂ ಫಾರ್ವರ್ಡ್‌ನಲ್ಲಿ ಬಂದದ್ದು.

ಮಾಸ್ತರ್: ಮಂಗಲಪೇಟೆಯವರೇ, ಮೇಲಿನದನ್ನು ಓದಿದ್ದರೆ ಮರೆತುಬಿಡಿ. ಪಟ್ಟಿ ಕಟ್ಟಬೇಡಿ. ಇವತ್ತಿನಿಂದ ಬೇಸ್ ಬಂದ್. ನಾಳೆಯೇ ಮೂಳೆ ಡಾಕ್ಟರ್ ಅಥವಾ ನರದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಬೆರಳ ತುದಿ ಉರಿಯೋದು, ಮುಂಗೈ ಸೋತುಹೋಗೋದು ಬೇರೆ, ಅವು ವಿಶ್ರಾಂತಿ ಕೊಟ್ಟರೆ ಇಳಿಯುತ್ತವೆ. ಜೋಮು ಬೆಳಿಗ್ಗೆವರೆಗೂ ಉಳಿಯುವುದು, ಹಿಡಿದದ್ದು ಜಾರುವುದು ಹಾಗಲ್ಲ. ಕಿರುಬೆರಳು ಮತ್ತು ಅರ್ಧ ಉಂಗುರ ಬೆರಳಿಗೆ ಹೋಗುವ ನರ ಮೊಣಕೈಯ ಒಳಬದಿಯ ಮೂಳೆ ಹಿಂದಿನಿಂದ ಹಾದುಹೋಗುತ್ತದೆ, ಮೊಣಕೈ ತಗುಲಿದಾಗ ಝುಂ ಅನ್ನುತ್ತದಲ್ಲ, ಅದೇ ನರ. ಮೊಣಕೈ ಮಡಚಿ ತಾಸುಗಟ್ಟಲೆ ಇಟ್ಟರೆ ಅದು ಎಳೆದುಕೊಂಡು ಒತ್ತಿಕೊಳ್ಳುತ್ತದೆ. ಇದೇ ಕಾರಣವೋ ಬೇರೆಯೋ ಅನ್ನೋದನ್ನು ಡಾಕ್ಟರ್ ನೋಡಿ ಹೇಳಬೇಕು, ನಾನಲ್ಲ, ಈ ಗುಂಪೂ ಅಲ್ಲ. ಕೈಯ ಬಲ ಹೋಗುತ್ತಿರುವಾಗ ಕಾಯಬಾರದು. ರಾತ್ರಿ ಮೊಣಕೈ ಪೂರ್ತಿ ಮಡಚಿ ಮಲಗದಂತೆ ನೋಡಿಕೊಳ್ಳಿ.

ಡಾಕ್ಟರ್ ಸರಿ ಅಂದ ಮೇಲೆ ಬೇಸ್ ಕಡೆ ಬರೋಣ. ನಾಲ್ಕು ತಂತಿಯ ನೆಕ್ ನಟ್ ಹತ್ತಿರ 38ರಿಂದ 41 ಮಿ.ಮೀ. ಅಗಲ. ಐದರದ್ದು 45 ಆಸುಪಾಸು. ಹುಡುಗರು ಹಳೇ ರೂಢಿಯಲ್ಲೇ ಹೆಬ್ಬೆರಳನ್ನು ನೆಕ್ ಮೇಲಿಂದ ಹೊರಗೆ ಹಾಕಿ ಹಿಡಿಯುತ್ತಾರೆ, ಬಿ ಮುಟ್ಟೋಕೆ ಮಣಿಕಟ್ಟು ಪೂರ್ತಿ ಬಾಗಿಸುತ್ತಾರೆ. ಹೆಬ್ಬೆರಳು ನೆಕ್ ಹಿಂದೆ, ನಡುಮಧ್ಯ ಇರಲಿ. ಹೆಡ್‌ಸ್ಟಾಕ್, ಅಂದರೆ ಗಿಟಾರಿನ ತಲೆ, ಭುಜದ ಎತ್ತರಕ್ಕೆ ಬರಲಿ. ಕೂತಾಗ ಬೇಸ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರುವ ಹಾಗೆ ಬೆಲ್ಟ್ ಗಿಡ್ಡ ಮಾಡಿ, ಅಗಲ ಬೆಲ್ಟ್ ಹಾಕಿ. ಫ್ರೆಟ್ ಪಕ್ಕದಲ್ಲೇ ಒತ್ತಿದರೆ ಅರ್ಧ ಬಲ ಸಾಕು. ಜೋರು ಬೇಕಾದರೆ ಆಂಪ್ ಏರಿಸಲಿ. ತಂತಿ ಎತ್ತರ ಇದ್ದರೆ ತಂದುಕೊಡಿ, ಇಳಿಸಿಕೊಡುತ್ತೇನೆ, ದುಡ್ಡು ಬೇಡ. ಶುರುವಿಗೆ ಹತ್ತು ನಿಮಿಷ, ಆಮೇಲೆ ಬಿಡುವು. ಈಸ್ಟರ್‌ಗೆ ಬೇರೆಯವರು ಬಾರಿಸಲಿ.

ಜೇವರ್ಗಿ ಕ್ರಾಸ್: ಎಣ್ಣೆ ತಿಕ್ಕೋದು ನಮ್ಮ ಹಿರಿಯರ ಕಾಲದಿಂದ ಇದೆ. ಎಲ್ಲದಕ್ಕೂ ಡಾಕ್ಟರ್ ಅಂದರೆ ಹೇಗೆ?

ಮಾಸ್ತರ್: ಹಿರಿಯರು ಎಣ್ಣೆ ತಿಕ್ಕಿದ್ದು ಮೈಕೈ ನೋವಿಗೆ. ಕೈಯಿಂದ ಲೋಟ ಜಾರುವ ಹುಡುಗನಿಗೆ ಪಟ್ಟಿ ಬಿಗಿದು ಬಾರಿಸು ಅಂತ ಯಾವ ಹಿರಿಯರೂ ಹೇಳುವುದಿಲ್ಲ. ಇದನ್ನು ಬರೆದವರು ಯಾರು ಅಂತ ನಿಮಗೂ ಗೊತ್ತಿಲ್ಲ. ದಯವಿಟ್ಟು ಡಿಲೀಟ್ ಮಾಡಿ.

ಕೀಬೋರ್ಡ್ ಬೀದರ್: ನೋಡಿ, ನಾಲ್ಕೇ ಇದ್ದಿದ್ದರೆ ಹುಡುಗನಿಗೆ ಇದಾಗುತ್ತಿರಲಿಲ್ಲ. ಜೇಮರ್ಸನ್‌ನಂಥ ದೊಡ್ಡ ಬೇಸ್ ವಾದಕನೇ ನಾಲ್ಕೇ ತಂತಿಯಲ್ಲಿ ಬಾರಿಸಿದ್ದು.

ಸೇಡಂ ರೋಡ್: ಅಣ್ಣಾ, ಐದಾರು ತಾಸು ನಾಲ್ಕು ತಂತಿ ಹಿಡಿದರೂ ಕೈ ಹೋಗುತ್ತದೆ. ಒಬ್ಬರ ಕಷ್ಟ ಹಿಡಿದು ವಾದ ಗೆಲ್ಲೋಕೆ ನೋಡಬೇಡಿ.

ಕೀಬೋರ್ಡ್ ಬೀದರ್: ನಿನಗೆ ಇ ಯಾವುದು ಬಿ ಯಾವುದು ಗೊತ್ತಿಲ್ಲ, ನನಗೆ ಹೇಳ್ತೀಯಾ?

ಸೌಂಡ್ ಸಿಸ್ಟಂ ಯಾದಗಿರಿ: ಅವನು ಕಲಿಯೋಕೆ ಕೇಳಿದ. ನೀವು ಇಲ್ಲಿವರೆಗೂ ಒಂದು ಪ್ರಶ್ನೆಯನ್ನೂ ಕೇಳಿಲ್ಲ.

ಅಡ್ಮಿನ್: ಸಾಕು ಇಬ್ಬರೂ.

ಚಿತ್ತಾಪುರ: ಸರ್, ನಾಲ್ಕು ತಂತಿ ಬೇಸ್‌ಗೆ ಬಿ ಸ್ಟ್ರಿಂಗ್ ಹಾಕಬಹುದಾ?

ಮಾಸ್ತರ್: ಮೇಲೆ ಇದೆ.

ಬಸವಕಲ್ಯಾಣ: ಯಾವ ಕಂಪನಿಯದು ತಗೋಬೇಕು ಸರ್? ಫ್ರೆಟ್‌ಲೆಸ್ ಚೆನ್ನಾಗಿರುತ್ತಾ?

ಎಡಗೈಯವ: ನನ್ನ ಪ್ರಶ್ನೆ ಹಾಗೇ ಉಳಿಯಿತು.

ರಿಂಗ್ ರೋಡ್: ಬಿಸಿಲಿಗೆ ನೆಕ್ ಬಾಗಿದೆ ಮಾಸ್ತರ್, ಮೊದಲ ಫ್ರೆಟ್‌ಗಳಲ್ಲಿ ತಂತಿ ಬಡಿದು ಬಝ್. ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸಲಾಕೆ) ಬಿಗಿ ಮಾಡಿ ಅಂತ ವಿಡಿಯೋದಲ್ಲಿ ಹೇಳಿದರು. ಅರ್ಧ ಸುತ್ತು ತಿರುಗಿಸಿದೆ, ಇನ್ನೂ ಜಾಸ್ತಿ ಆಯಿತು. ಇನ್ನೊಂದು ಸುತ್ತು ತಿರುಗಿಸಲಾ?

ಮಾಸ್ತರ್: ಬೇಡ! ಕೀ ಕೆಳಗಿಡಿ. ನಮ್ಮ ಒಣ ಬಿಸಿಲಿಗೆ ಮರದ ತೇವ ಹೋಗಿ ನೆಕ್ ಜಾಸ್ತಿ ಹಿಂದಕ್ಕೇ ಸೆಟೆಯುತ್ತದೆ, ಮೊದಲ ಫ್ರೆಟ್‌ಗಳು ಬಝ್ ಆಗೋದು ಸಾಮಾನ್ಯವಾಗಿ ಅದಕ್ಕೇ. ಅದಕ್ಕೆ ಸಡಿಲ ಮಾಡಬೇಕು, ನೀವು ಬಿಗಿ ಮಾಡಿದ್ದೀರಿ. ಮಾಡಿದ ಅರ್ಧ ಸುತ್ತನ್ನು ಕಾಲು ಕಾಲಾಗಿ ವಾಪಸ್ ಬಿಡಿ, ರಾಡ್ ಗಟ್ಟಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಆಮೇಲೆ ಒಂದನೇ ಫ್ರೆಟ್ ಮತ್ತು ಕೊನೇ ಫ್ರೆಟ್ ಒತ್ತಿ ಹಿಡಿದು ಏಳನೇ ಫ್ರೆಟ್ ಹತ್ತಿರ ನೋಡಿ, ತಂತಿ ಕೆಳಗೆ 0.3 ಮಿ.ಮೀ. ಸಂದು ಇರಬೇಕು, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು. ಕೂಲರ್ ಮುಂದೆ ಇಡಬೇಡಿ, ಒದ್ದೆ ಗಾಳಿ ಹೊಡೆಯುತ್ತದೆ. ಮುಚ್ಚಿದ ಕಾರಿನಲ್ಲಂತೂ ಬಿಡಲೇಬೇಡಿ. ಬಝ್ ಹೋಗದಿದ್ದರೆ ತಂತಿ ಬಿಚ್ಚದೆ ಹಾಗೇ ತನ್ನಿ.

ಚಿತ್ತಾಪುರ: ಮೇಲೆ ಎಲ್ಲಿದೆ ಸರ್? ಸಿಗ್ತಿಲ್ಲ.

ಹುಮನಾಬಾದ್: ಆಳಂದ ನಾಕಾ ಪ್ರಶ್ನೆಯ ಕೆಳಗೆ ನೋಡು. ನಾನೇ ಕೇಳಿದ್ದು.