ತಿಗಳಾರಿ ಲಿಪಿ: ಭಾನುವಾರ ಕಲಿತದ್ದು ಮುಂದಿನ ಭಾನುವಾರಕ್ಕೆ ಉಳಿಯುತ್ತಿಲ್ಲ

ಪ್ರಶ್ನೆ (ಶಿರಸಿ ಕಡೆಯವ):
ಮನೆಯ ಅಟ್ಟದಲ್ಲಿ ಅಜ್ಜನ ಕಾಲದಿಂದ ಇರುವ ತಾಳೆಗರಿಯ ಕಟ್ಟನ್ನು ನಾನೇ ಓದಬೇಕೆಂಬ ಆಸೆಯಿಂದ ಎರಡು ತಿಂಗಳಿಂದ ತಿಗಳಾರಿ ಲಿಪಿಯನ್ನು (ನಮ್ಮ ಕರಾವಳಿ, ಮಲೆನಾಡಿನ ಹಳೆಯ ತಾಳೆಗರಿಗಳಲ್ಲಿ ಕಾಣುವ ಲಿಪಿ) ಕಲಿಯುತ್ತಿದ್ದೇನೆ. ಪ್ರತಿ ಭಾನುವಾರ ಮೂರು ಗಂಟೆ ಕುಳಿತು ಅಕ್ಷರಮಾಲೆಯನ್ನು ನೋಡಿಕೊಂಡು ಹತ್ತಾರು ಬಾರಿ ತಿದ್ದುತ್ತೇನೆ. ಏಳುವ ಹೊತ್ತಿಗೆ ಎಲ್ಲವೂ ಬಂದಂತೆ ಅನಿಸುತ್ತದೆ. ಮುಂದಿನ ವಾರ ಗರಿಯನ್ನು ಬಿಚ್ಚಿದರೆ ಒತ್ತಕ್ಷರಗಳ ಮಾತಿರಲಿ, ಬಿಡಿ ಅಕ್ಷರಗಳೇ ಅರ್ಧದಷ್ಟು ಗುರುತು ಸಿಗುವುದಿಲ್ಲ. ನನಗೀಗ 48 ವರ್ಷ. ದೋಷ ವಯಸ್ಸಿನದೋ, ಕಲಿಯುವ ಕ್ರಮದ್ದೋ?

ಉತ್ತರ (ನಿವೃತ್ತ ಮೇಷ್ಟ್ರು):
ಕ್ರಮದ್ದೇ. ನೋಡಿಕೊಂಡು ತಿದ್ದುವಾಗ ಕಣ್ಣಿಗೂ ಕೈಗೂ ಕೆಲಸವಿರುತ್ತದೆ, ನೆನಪಿಗೆ ಇರುವುದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲೆ, ಒಮ್ಮೆ ಓದಿ ಉಳಿದ ಹೊತ್ತಿನಲ್ಲಿ ನೆನಪಿನಿಂದ ಬರೆದವರೇ ಮುಂದಿದ್ದರು. ನಿಮ್ಮ ‘ಬಂದಂತೆ ಅನಿಸುವುದು’ ಆ ಐದನೆಯ ನಿಮಿಷದ ಅಂಕ. ಪಟ್ಟಿಯನ್ನು ಮಗುಚಿಟ್ಟು ಬರೆಯಿರಿ, ತಪ್ಪಿದ ಮೇಲಷ್ಟೇ ತೆರೆದು ನೋಡಿ.

ಉತ್ತರ (ಹಸ್ತಪ್ರತಿ ಆಸಕ್ತೆ):
ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ. ನಿಮಗೆ ಬೇಕಾದದ್ದು ಓದುವುದು, ಬರೆಯುವುದಲ್ಲ. ಆದ್ದರಿಂದ ನಿಮ್ಮದೇ ಗರಿಯ ಫೋಟೋದಿಂದ ಅಕ್ಷರಗಳನ್ನು ಕತ್ತರಿಸಿ ರಟ್ಟಿನ ಚೀಟಿಗಳಿಗೆ ಅಂಟಿಸಿ, ಹಿಂಬದಿಯಲ್ಲಿ ಕನ್ನಡದ ಅಕ್ಷರವನ್ನು ಬರೆಯಿರಿ. (ಹಳೆಯ ಗರಿಯನ್ನು ಪದೇ ಪದೇ ಬಿಚ್ಚಿದರೆ ಅಂಚು ಮುರಿಯುತ್ತದೆ, ದಯವಿಟ್ಟು ಬೇಡ.) ನಾನು ಚಪ್ಪಲಿ ಡಬ್ಬಿಯೊಂದರಲ್ಲಿ ಮೂರು ಖಾನೆ ಮಾಡಿಕೊಂಡಿದ್ದೆ: ಮೊದಲನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ನೋಡುವುದು. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಎಲ್ಲೇ ಇದ್ದರೂ ಮೊದಲನೆಯದಕ್ಕೆ ಮರಳುತ್ತದೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಜರ್ಮನ್ ಭಾಷೆಯಲ್ಲಿ ಬರೆದು ಪ್ರಚಾರಕ್ಕೆ ತಂದ ಕ್ರಮವಿದು. ಭಾನುವಾರದ ಮೂರು ಗಂಟೆಯನ್ನು ದಿನಕ್ಕೆ 25 ನಿಮಿಷದಂತೆ ಹಂಚಿದರೆ ಸಾಕು.

ಉತ್ತರ (ಕಾಸರಗೋಡಿನಿಂದ):
ತಿಗಳಾರಿ ಪ್ರತಿಗಳಲ್ಲಿ ಹೆಚ್ಚಿನವು ಸಂಸ್ಕೃತದವು, ಪದಗಳ ನಡುವೆ ಜಾಗವನ್ನೂ ಬಿಟ್ಟಿರುವುದಿಲ್ಲ. ಬಾಯಿಗೆ ಬರುವ ಶ್ಲೋಕವೇ ಸಿಕ್ಕಿದರೆ ಮೊದಲ ವಾರಕ್ಕೆ ಒಳ್ಳೆಯದು. ಆಮೇಲೆ ಅದನ್ನು ಬಿಡಿ, ಏಕೆಂದರೆ ನೀವು ಓದುತ್ತಿರುವುದು ಗರಿಯನ್ನಲ್ಲ, ಬಾಯಿಪಾಠವನ್ನು. ನನಗೆ ಮಲಯಾಳಂ ಲಿಪಿ ಗೊತ್ತಿದ್ದದ್ದರಿಂದ, ಎರಡೂ ಗ್ರಂಥಲಿಪಿಯಿಂದ (ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಹಳೆಯ ಲಿಪಿ) ಬಂದವಾದ್ದರಿಂದ, ಕೆಲಸ ಹಗುರಾಯಿತು. ಆದರೆ ಒಂದೇ ಥರ ಕಾಣುವ ಅಕ್ಷರಗಳನ್ನು ಜೋಡಿಯಾಗಿಟ್ಟು ಪರೀಕ್ಷಿಸಿಕೊಳ್ಳುವವರೆಗೂ ಗೊಂದಲ ಹೋಗಲಿಲ್ಲ.

ಶಿರಸಿ ಕಡೆಯವ:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ 30 ಚೀಟಿ ಮಾಡಿದೆ. 11 ತಪ್ಪಿದವು, ಅವುಗಳಲ್ಲಿ ಏಳಕ್ಕೆ ಕಳೆದ ಭಾನುವಾರ ನಾನೇ ಪಟ್ಟಿಯಲ್ಲಿ ‘ಬಂತು’ ಎಂದು ಗುರುತು ಹಾಕಿದ್ದೆ.